ಒಬ್ಬರೇ ಹಾಡಿದ ಮೇಳ: ಇಮೋಜೆನ್ ಹೀಪ್

ಮಕ್ಕಳೇ, ನಿಮ್ಮ ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ‘ದಿ ಹ್ಯಾಪಿ ಸಾಂಗ್’ ನಿಮ್ಮ ಕಿವಿಗೂ ಬಿದ್ದಿರುತ್ತದೆ. ಕಾರಿನ ಹಿಂದಿನ ಸೀಟಿನಲ್ಲಿ ಮಗು ರಚ್ಚೆ ಹಿಡಿದಾಗ ಎಷ್ಟೋ ಅಪ್ಪ ಅಮ್ಮಂದಿರು ಫೋನಿನಲ್ಲಿ ಹಾಕುವ ಹಾಡು ಅದು. ಇನ್ನು ಸ್ವಲ್ಪ ದೊಡ್ಡವರಿಗೆ ಟೇಲರ್ ಸ್ವಿಫ್ಟ್ ಹಾಡಿದ ‘ಕ್ಲೀನ್’ ಗೊತ್ತಿರುತ್ತದೆ, ಅರಿಯಾನಾ ಗ್ರಾಂಡೆಯ ‘ಗುಡ್‌ನೈಟ್ ಎನ್ ಗೋ’ ಗೊತ್ತಿರುತ್ತದೆ. ರಜೆಯಲ್ಲಿ ಲಂಡನ್ನಿಗೆ ಹೋಗಿ ‘ಹ್ಯಾರಿ ಪಾಟರ್ ಅಂಡ್ ದಿ ಕರ್ಸ್ಡ್ ಚೈಲ್ಡ್’ ನಾಟಕ ನೋಡಿ ಬಂದವರೂ ನಿಮ್ಮಲ್ಲಿ ಇರಬಹುದು. ಈ ನಾಲ್ಕೂ ಕಡೆ ಒಬ್ಬರದೇ ಕೈವಾಡ ಇದೆ. ಅವರ ಹೆಸರು ಇಮೋಜೆನ್ ಹೀಪ್. ಹಾಡು ಗೊತ್ತಿದ್ದೂ ಅವರ ಹೆಸರು ಗೊತ್ತಿಲ್ಲದವರೇ ಹೆಚ್ಚು. ಅದಕ್ಕೇ ಈ ಸಲ ಮಕ್ಕಳ ಪುಟ ಅವರಿಗೆ.

ಹೀಪ್ ಹಾಡುತ್ತಾರೆ, ಹಾಡು ಬರೆಯುತ್ತಾರೆ. ಅಷ್ಟಾದರೆ ವಿಶೇಷವೇನಿಲ್ಲ. ನಮ್ಮ ರಾಜ್ಯೋತ್ಸವದ ವೇದಿಕೆಯಲ್ಲಿ ನೀವು ಕರೋಕೆ ಟ್ರ್ಯಾಕ್ ಹಾಕಿಕೊಂಡು ಹಾಡುತ್ತೀರಲ್ಲ, ಆ ಟ್ರ್ಯಾಕಿನಲ್ಲಿ ತಬಲಾ ಎಲ್ಲಿ ಬರಬೇಕು, ಕೊಳಲು ಎಷ್ಟು ದೂರದಿಂದ ಕೇಳಿಸಬೇಕು, ಪಲ್ಲವಿ ಮುಗಿದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂದೆಲ್ಲ ಯಾರೋ ಕೂತು ತೀರ್ಮಾನ ಮಾಡಿರುತ್ತಾರೆ. ಧ್ವನಿಮುದ್ರಿಸುವವರು ಒಬ್ಬರು, ಎಲ್ಲ ಧ್ವನಿಗಳನ್ನು ಹದವಾಗಿ ಬೆರೆಸುವವರು ಇನ್ನೊಬ್ಬರು. ದುಡ್ಡು ಹಾಕುವವರು ಮತ್ತೊಬ್ಬರು, ಕೊನೆಗೆ ಹಾಡು ಯಾರ ಸ್ವತ್ತು ಎಂದು ಹೇಳುವವರೂ ಸಾಮಾನ್ಯವಾಗಿ ಅವರೇ. ಹೀಪ್ ತಮ್ಮ ಬಹುಪಾಲು ಹಾಡುಗಳಿಗೆ ಈ ಎಲ್ಲ ಕೆಲಸವನ್ನೂ ತಾವೇ ಮಾಡಿದ್ದಾರೆ. ಹಾಡು ಕೊನೆಯವರೆಗೂ ತನ್ನ ಕೈಯಲ್ಲೇ ಇರಬೇಕು ಎನ್ನುವುದು ಅವರ ಹಟ.

ಅವರದು ಎಲೆಕ್ಟ್ರಾನಿಕ್ ಪಾಪ್. ಅಂದರೆ ಕಂಪ್ಯೂಟರು, ಕೀಬೋರ್ಡು, ಬಗೆಬಗೆಯ ಯಂತ್ರಗಳ ಸಹಾಯದಿಂದ ಹುಟ್ಟುವ ಸಂಗೀತ. ‘ಮೆಷಿನ್ನಿನ ಸಂಗೀತ ಸಂಗೀತವೇ ಅಲ್ಲ’ ಎಂದು ಮೂಗು ಮುರಿಯುವ ಅಜ್ಜಂದಿರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು: ಶನಿವಾರದ ಸಂಗೀತ ತರಗತಿಯಲ್ಲಿ ಮೇಡಂ ಪಕ್ಕ ಇಟ್ಟುಕೊಳ್ಳುವ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇದೆಯಲ್ಲ, ಅಂಥ ಪೆಟ್ಟಿಗೆಗಳನ್ನು ಮೊದಮೊದಲು ಮಾಡಿದವರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಒಬ್ಬರು. ಓದಿದ್ದು ಎಂಜಿನಿಯರಿಂಗ್, ನುಡಿಸುವುದು ಕೊಳಲು. ಅವರ ರಾಡೆಲ್ ಕಂಪನಿಯ ಶ್ರುತಿಪೆಟ್ಟಿಗೆ ಈಗ ಕಛೇರಿಗಳಲ್ಲೂ ಸಲೀಸಾಗಿ ಕೂರುತ್ತದೆ. ಯಂತ್ರದ ಮೇಲಿನ ಮುನಿಸು ಅಲ್ಲಿಗೆ ಬಿಡೋಣ.

ಇಮೋಜೆನ್ ಹುಟ್ಟಿದ್ದು 1977ರ ಡಿಸೆಂಬರ್ 9ರಂದು, ಲಂಡನ್ನಿನ ಪೂರ್ವದ ಅಂಚಿನಲ್ಲಿ, ಎಸೆಕ್ಸ್ ಕಡೆ. ಚಿಕ್ಕಂದಿನಲ್ಲೇ ಪಿಯಾನೊ, ಚೆಲ್ಲೊ, ಕ್ಲ್ಯಾರಿನೆಟ್ ಕಲಿತ ಹುಡುಗಿ. ಅಪ್ಪ ಅಮ್ಮ ಬೇರೆಯಾದರು. ಹುಡುಗಿ ಸ್ಯಾಫ್ರನ್ ವಾಲ್ಡನ್ ಎಂಬ ಊರಿನ ವಸತಿ ಶಾಲೆ ಸೇರಿದಳು. ಅಲ್ಲಿ ಸಂಗೀತದ ಮೇಷ್ಟರಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ತರಗತಿಯಿಂದ ಹೊರಗೆ ಕಳಿಸಿದಾಗ ಅವಳು ಹೋಗಿ ಕೂರುತ್ತಿದ್ದ ಕೋಣೆಯಲ್ಲಿ ಒಂದು ಅಟಾರಿ ಕಂಪ್ಯೂಟರ್ ಇತ್ತು. ಈಗಿನ ನಿಮ್ಮ ಕೈಗಡಿಯಾರಕ್ಕಿರುವಷ್ಟೂ ಶಕ್ತಿ ಇಲ್ಲದ ಯಂತ್ರ ಅದು. ಆದರೆ ಒಂದು ಸ್ವರ ನುಡಿಸಿದರೆ ನೆನಪಿಟ್ಟುಕೊಳ್ಳುತ್ತಿತ್ತು, ಅದರ ಮೇಲೆ ಇನ್ನೊಂದನ್ನು ಪೇರಿಸಲು ಬಿಡುತ್ತಿತ್ತು. ಒಂಟಿ ಹುಡುಗಿ ಇಡೀ ವಾದ್ಯವೃಂದವನ್ನು ನಡೆಸಬಹುದು ಎಂದು ಅವಳಿಗೆ ಗೊತ್ತಾಗಿದ್ದು ಆ ಕೋಣೆಯಲ್ಲೇ. ಯಾರೂ ಕಲಿಸಲಿಲ್ಲ, ಕೈಪಿಡಿ ಓದಿಕೊಂಡು, ಗುಂಡಿ ಒತ್ತಿ ನೋಡಿಕೊಂಡು ಕಲಿತಳು. ಮೇಷ್ಟರು ಆ ಹುಡುಗಿಯನ್ನು ಮೆಚ್ಚಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರೆ ನಮಗೊಬ್ಬ ಒಳ್ಳೆಯ ಚೆಲ್ಲೊ ವಾದಕಿ ಸಿಗುತ್ತಿದ್ದರೋ ಏನೋ!

ಮುಂದೆ ಕ್ರಾಯ್ಡನ್‌ನ ಬ್ರಿಟ್ ಸ್ಕೂಲ್. ಎಮಿ ವೈನ್‌ಹೌಸ್, ಅಡೆಲ್ ಕೂಡ ಓದಿದ ಶಾಲೆ ಅದು. ಹದಿನೆಂಟರ ಹೊತ್ತಿಗೆ ಅಲ್ಮೊ ಸೌಂಡ್ಸ್ ಎಂಬ ರೆಕಾರ್ಡ್ ಕಂಪನಿಯ ಜತೆ ಒಪ್ಪಂದವಾಯಿತು. 1998ರಲ್ಲಿ ಮೊದಲ ಆಲ್ಬಂ ‘ಐ ಮೆಗಾಫೋನ್’ ಬಂತು. (ಇಮೋಜೆನ್ ಹೀಪ್ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಕಲಸಿ ಮತ್ತೆ ಜೋಡಿಸಿದರೆ ಈ ಹೆಸರು ಬರುತ್ತದೆ. ಕಾಗದದ ಮೇಲೆ ಬರೆದು ನೋಡಿ.) ಅಷ್ಟರಲ್ಲಿ ಕಂಪನಿಯೇ ಮುಚ್ಚುವ ಹಾದಿ ಹಿಡಿಯಿತು, ಎರಡನೆಯ ಆಲ್ಬಂ ನಿಂತಲ್ಲೇ ನಿಂತಿತು. ಗೈ ಸಿಗ್ಸ್‌ವರ್ತ್ ಎಂಬ ಸಂಗೀತಗಾರರ ಜತೆ ಸೇರಿ ‘ಫ್ರೂ ಫ್ರೂ’ ಎಂಬ ಜೋಡಿ ತಂಡ ಕಟ್ಟಿ 2002ರಲ್ಲಿ ‘ಡೀಟೇಲ್ಸ್’ ಎಂಬ ಆಲ್ಬಂ ತಂದರು. ಚೆನ್ನಾಗಿತ್ತು, ಆದರೆ ಆಗ ಹೆಚ್ಚು ಜನ ಕೇಳಲಿಲ್ಲ. ಎರಡು ವರ್ಷದ ನಂತರ ‘ಗಾರ್ಡನ್ ಸ್ಟೇಟ್’ ಸಿನಿಮಾದಲ್ಲಿ ಅದರ ‘ಲೆಟ್ ಗೋ’ ಹಾಡು ಬಳಸಿದ ಮೇಲೆಯೇ ಜನ ಹುಡುಕಿಕೊಂಡು ಹೋಗಿ ಕೇಳಿದ್ದು.

ಕಂಪನಿಗಳ ಸಹವಾಸ ಸಾಕೆನಿಸಿದ್ದು ಆ ಹೊತ್ತಿಗೆ. 2003ರ ಕೊನೆಯಲ್ಲಿ ಹೀಪ್ ಲಂಡನ್ನಿನ ತಮ್ಮ ಫ್ಲ್ಯಾಟನ್ನು ಅಡವಿಟ್ಟು ಸಾಲ ತೆಗೆದರು. ಆ ದುಡ್ಡಿನಲ್ಲಿ ಒಂದು ಆಲ್ಬಂ ತಾನೇ ಮಾಡುತ್ತೇನೆ, ತಾನೇ ಬಿಡುಗಡೆಯೂ ಮಾಡುತ್ತೇನೆ ಎಂದು ನಿರ್ಧರಿಸಿದರು. ಹಾಡುಗಳಿನ್ನೂ ಹುಟ್ಟಿರಲಿಲ್ಲ. ಆದರೂ ಒಂದು ವರ್ಷ ಮುಂದಕ್ಕೆ, 2004ರ ಡಿಸೆಂಬರಿಗೆ, ಮಾಸ್ಟರಿಂಗ್ ಸ್ಟುಡಿಯೊದಲ್ಲಿ ದಿನ ಗೊತ್ತುಮಾಡಿ ಬಂದರು. ಮಾಸ್ಟರಿಂಗ್ ಅಂದರೆ ಆಲ್ಬಂ ಹೊರಬೀಳುವ ಮುಂಚಿನ ಕಟ್ಟಕಡೆಯ ಕೆಲಸ. ನಿಮ್ಮ ಅಪ್ಪ ಅಮ್ಮ ಮನೆ ಸಾಲದ ಕಂತು ಕಟ್ಟುವುದನ್ನು ನೋಡಿದ್ದೀರಿ. ಹಾಡಿಗೋಸ್ಕರ ಅದೇ ಮನೆಯನ್ನು ಮತ್ತೆ ಅಡವಿಡುತ್ತೇನೆ ಎಂದು ಇವತ್ತು ರಾತ್ರಿ ಊಟದ ಹೊತ್ತಿನಲ್ಲಿ ಹೇಳಿ ನೋಡಿ, ಆಗ ಇದರ ಭಾರ ತಿಳಿಯುತ್ತದೆ.

ಆ ವರ್ಷದ ಒಂದು ರಾತ್ರಿ ಸ್ಟುಡಿಯೊದ ಕಂಪ್ಯೂಟರ್ ಕೈಕೊಟ್ಟಿತು. ಏನೂ ಮಾಡದೆ ಮನೆಗೆ ಹೋಗಲು ಮನಸ್ಸಿಲ್ಲ. ಕಪಾಟಿನಲ್ಲಿ ಹಾರ್ಮನೈಸರ್ ಎಂಬ ಪೆಟ್ಟಿಗೆ ಕಣ್ಣಿಗೆ ಬಿತ್ತು. ಮೈಕು, ಕೀಬೋರ್ಡು ಎರಡನ್ನೂ ಅದಕ್ಕೆ ಚುಚ್ಚಿ, ನಾಲ್ಕು ಟ್ರ್ಯಾಕಿನ ಪುಟ್ಟ ಮಿನಿಡಿಸ್ಕ್ ರೆಕಾರ್ಡರ್ ಒತ್ತಿ, ಬಾಯಿಗೆ ಬಂದದ್ದನ್ನು ಹಾಡಿದರು. ‘ಹೈಡ್ ಅಂಡ್ ಸೀಕ್’ ಹಾಡಿನ ಮೊದಲ ಸಾಲುಗಳು ಹೀಗೆ ಹುಟ್ಟಿದವು.

ಆ ಪೆಟ್ಟಿಗೆಯ ಕೆಲಸ ತಿಳಿದುಕೊಳ್ಳುವಂಥದ್ದು. ಮೈಕಿನಲ್ಲಿ ನೀವು ‘ಆ’ ಎನ್ನುತ್ತೀರಿ. ಅದೇ ಹೊತ್ತಿಗೆ ಕೀಬೋರ್ಡಿನಲ್ಲಿ ಮೂರು ಮನೆ ಒತ್ತುತ್ತೀರಿ, ಸ, ಗ, ಪ ಎಂದಿಟ್ಟುಕೊಳ್ಳಿ. ಯಂತ್ರ ನಿಮ್ಮ ಗಂಟಲಿನದೇ ‘ಆ’ವನ್ನು ತೆಗೆದುಕೊಂಡು ಆ ಮೂರೂ ಸ್ವರದಲ್ಲಿ ಒಟ್ಟಿಗೆ ಹಾಡಿಸುತ್ತದೆ. ಬೆರಳು ಸರಿಸಿದರೆ ಸ್ವರಗಳೂ ಸರಿಯುತ್ತವೆ. ಬಾಯಿ ಮುಚ್ಚಿದರೆ ಕೀಬೋರ್ಡ್ ಎಷ್ಟೇ ಒತ್ತಿದರೂ ಸದ್ದಿಲ್ಲ. ಬೇಸುರವನ್ನು ತಿದ್ದುವ ಆಟೋಟ್ಯೂನ್ ಇದಲ್ಲ, ಇದು ಇಲ್ಲದ ಹಾಡುಗಾರರನ್ನು ಪಕ್ಕಕ್ಕೆ ತಂದು ನಿಲ್ಲಿಸುವ ಯಂತ್ರ. ನಮ್ಮ ಭಜನೆಯಲ್ಲಿ ನೂರು ಜನ ಕೂತರೂ ಹಾಡುವುದು ಒಂದೇ ಸ್ವರ. ಇಲ್ಲಿ ಹಾಡುವವರು ಒಬ್ಬರೇ, ಸ್ವರ ಮೂರು ನಾಲ್ಕು.

‘ಹೈಡ್ ಅಂಡ್ ಸೀಕ್’ ಹಾಡಿನಲ್ಲಿ ಡ್ರಮ್ಸ್ ಇಲ್ಲ, ಗಿಟಾರ್ ಇಲ್ಲ, ತಾಳ ಹಿಡಿಯಲು ಏನೂ ಇಲ್ಲ. ಕೊನೆಯವರೆಗೂ ಒಂದು ದನಿ, ಅದರದೇ ನೆರಳುಗಳು. ನಡುನಡುವೆ ಆಕೆ ಉಸಿರು ತೆಗೆದುಕೊಳ್ಳಲು ನಿಂತಾಗ ಇಡೀ ಮೇಳವೇ ನಿಲ್ಲುತ್ತದೆ. ಯಂತ್ರದೊಳಗಿಂದ ಬಂದ ಹಾಡು ಇಷ್ಟು ಹಸಿಯಾಗಿ ಮುಟ್ಟುತ್ತದೆಂದು ನಾನು ಅಂದುಕೊಂಡಿರಲಿಲ್ಲ. 2005ರಲ್ಲಿ ‘ಸ್ಪೀಕ್ ಫಾರ್ ಯುವರ್‌ಸೆಲ್ಫ್’ ಆಲ್ಬಂ ಹೀಪ್ ಅವರ ಸ್ವಂತ ಮೆಗಾಫೋನಿಕ್ ಲೇಬಲ್ಲಿನಲ್ಲಿ ಬಂತು. ಅದೇ ವರ್ಷ ಅಮೆರಿಕದ ‘ದಿ ಓ.ಸಿ.’ ಧಾರಾವಾಹಿಯ ಒಂದು ಮುಖ್ಯ ದೃಶ್ಯಕ್ಕೆ ಈ ಹಾಡು ಹಾಕಿದರು, ಅಲ್ಲಿಂದ ಅದು ಮನೆಮನೆಗೆ ಹೋಯಿತು. 2009ರಲ್ಲಿ ಜೇಸನ್ ಡೆರೂಲೊ ಇದರ ಒಂದು ತುಣುಕನ್ನು ತೆಗೆದುಕೊಂಡು ‘ವಾಚಾ ಸೇ’ ಮಾಡಿದಾಗ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಬರೆದವರ ಸಾಲಿನಲ್ಲಿ ಹೀಪ್ ಹೆಸರೂ ಇದೆ. ಕಂಪ್ಯೂಟರ್ ಕೆಟ್ಟ ರಾತ್ರಿಯ ಹಾಡು!

ಮುಂದಿನ ಆಲ್ಬಂ ‘ಎಲಿಪ್ಸ್’, 2009ರದು. ಬಾಲ್ಯದಲ್ಲಿ ಬೆಳೆದ ಮನೆಯನ್ನು ಕುಟುಂಬದಿಂದ ತಾವೇ ಕೊಂಡು, ಆಟದ ಕೋಣೆಯಾಗಿದ್ದ ಜಾಗವನ್ನು ಸ್ಟುಡಿಯೊ ಮಾಡಿಕೊಂಡರು. ಮನೆ ಮೊಟ್ಟೆಯಾಕಾರದ್ದು, ಆಲ್ಬಂಗೆ ಹೆಸರು ಬಂದದ್ದೂ ಅದರಿಂದಲೇ. ಆ ಮನೆಯ ಸದ್ದುಗಳೂ ಹಾಡುಗಳೊಳಗೆ ಸೇರಿವೆ. ಕೆಲಸ ನಡೆಯುತ್ತಿದ್ದಾಗಲೇ ವಿಡಿಯೊ ಮಾಡಿ, ಇವತ್ತು ಏನಾಯಿತು, ಎಲ್ಲಿ ಸಿಕ್ಕಿಹಾಕಿಕೊಂಡೆ ಎಂದು ಅಭಿಮಾನಿಗಳಿಗೆ ತೋರಿಸುತ್ತಿದ್ದರು. ಈಗ ಅದು ಎಲ್ಲರೂ ಮಾಡುವ ಕೆಲಸ, ಆಗ ಹೊಸದು. 2010ರಲ್ಲಿ ಈ ಆಲ್ಬಂಗೆ ಗ್ರ್ಯಾಮಿ ಬಂತು. ಬಂದದ್ದು ಗಾಯನಕ್ಕಲ್ಲ, ಧ್ವನಿಮುದ್ರಣದ ಎಂಜಿನಿಯರಿಂಗ್‌ಗೆ. ಮಿಕ್ಸರ್ ಮುಂದೆ ಹೆಂಗಸರು ಕೂರುವುದೇ ಅಪರೂಪವಾಗಿದ್ದ ಕ್ಷೇತ್ರ ಅದು. ನನ್ನ ಲೆಕ್ಕದಲ್ಲಿ ಅವರ ಎಲ್ಲ ಬಹುಮಾನಗಳಲ್ಲೂ ಇದೇ ದೊಡ್ಡದು.

ಇನ್ನು ಕೈಗವಸಿನ ಕಥೆ. ಲ್ಯಾಪ್‌ಟಾಪಿನಿಂದ ಸಂಗೀತ ಮಾಡುವವರು ವೇದಿಕೆಗೆ ಬಂದರೆ ಒಂದು ಪೇಚು. ವೀಣೆ ನುಡಿಸುವವರ ಬೆರಳು ನಮಗೆ ಕಾಣುತ್ತದೆ. ಲ್ಯಾಪ್‌ಟಾಪ್ ಹಿಂದೆ ಬಗ್ಗಿ ಕೂತವರು ಹಾಡು ಕಟ್ಟುತ್ತಿದ್ದಾರೋ ಇಮೇಲ್ ನೋಡುತ್ತಿದ್ದಾರೋ ಯಾರಿಗೆ ಗೊತ್ತು? ಹೀಪ್‌ಗೂ ಗುಂಡಿ, ತಂತಿ, ಪೆಟ್ಟಿಗೆಗಳ ಹಿಂದೆ ಅಡಗಿ ಹಾಡುವುದು ಬೇಸರವಾಗಿತ್ತು. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ಗೆ ಹೋಗಿದ್ದಾಗ ಅಲ್ಲೊಬ್ಬ ವಿದ್ಯಾರ್ಥಿನಿ ಮಾಡಿದ್ದ ಸಂಗೀತದ ಗ್ಲೌಸ್ ನೋಡಿದರು. ತಮಗೂ ಅಂಥದ್ದು ಬೇಕೆಂದು ಬ್ರಿಸ್ಟಲ್‌ನ ಸಂಶೋಧಕ ಟಾಮ್ ಮಿಚೆಲ್ ಮತ್ತು ಇತರರ ಜತೆ ಸೇರಿ ವರ್ಷಗಟ್ಟಲೆ ಕೂತು ‘ಮಿಮು’ ಗ್ಲೌಸ್ ಮಾಡಿದರು.

ಬೆರಳುಗಳ ಉದ್ದಕ್ಕೂ ಸಣ್ಣ ಸೆನ್ಸರುಗಳು, ಯಾವ ಬೆರಳು ಎಷ್ಟು ಮಡಿಚಿದೆ ಎಂದು ಹೇಳಲು. ಮಣಿಕಟ್ಟಿನ ಬಳಿ ಇನ್ನೊಂದು, ಕೈ ಯಾವ ಕಡೆ ತಿರುಗಿದೆ, ಎಷ್ಟು ವೇಗದಲ್ಲಿ ಆಡುತ್ತಿದೆ ಎಂದು ಅಳೆಯಲು. ಈ ಸಮಾಚಾರವೆಲ್ಲ ತಂತಿಯಿಲ್ಲದೆ ಕಂಪ್ಯೂಟರಿಗೆ ಹೋಗುತ್ತದೆ. ನಿಮ್ಮಲ್ಲಿ ಭರತನಾಟ್ಯ ಕಲಿಯುವವರಿಗೆ ಸುಲಭವಾಗಿ ಹೇಳುತ್ತೇನೆ: ಮುಷ್ಟಿ ಯಾವುದು, ಸೂಚಿ ಯಾವುದು, ಪತಾಕ ಯಾವುದು ಎಂದು ಗ್ಲೌಸ್‌ಗೆ ಕಲಿಸಬಹುದು. ಯಾವ ಹಸ್ತಕ್ಕೆ ಏನಾಗಬೇಕು ಎಂದು ಹಾಡುವವರೇ ಮೊದಲೇ ಹೇಳಿಟ್ಟಿರುತ್ತಾರೆ. ಮುಷ್ಟಿ ಹಿಡಿದರೆ ಈಗ ಹಾಡಿದ ಸಾಲು ಮುದ್ರಣವಾಗಲಿ, ಕೈ ಮೇಲೆತ್ತಿದರೆ ದನಿ ಗುಡಿಯೊಳಗಿನಂತೆ ಮೊಳಗಲಿ, ಹೀಗೆ. 2012ರಲ್ಲಿ ಹೀಪ್ ಇದನ್ನು ತೊಟ್ಟು ವೇದಿಕೆಯಲ್ಲಿ ಹಾಡಿ ತೋರಿಸಿದರು. 2015ರಲ್ಲಿ ಅರಿಯಾನಾ ಗ್ರಾಂಡೆ ತನ್ನ ಪ್ರವಾಸದ ಕಾರ್ಯಕ್ರಮಗಳಲ್ಲಿ ಬಳಸಿದಳು. ಗಿಟಾರ್ ತಂತಿ ಒತ್ತುವುದು ಕಷ್ಟವಾದ ಅಂಗವಿಕಲ ಸಂಗೀತಗಾರರೂ ಇದನ್ನು ತೊಟ್ಟು ವೇದಿಕೆಗೆ ಮರಳಿದ್ದಾರೆ. ಗ್ಲೌಸ್ ಮುಂದೆ ಮಾರಾಟಕ್ಕೂ ಬಂತು. ಬೆಲೆ ಕೇಳಬೇಡಿ, ಅಮ್ಮನಿಗಂತೂ ಹೇಳಲೇಬೇಡಿ.

ಭಾರತಕ್ಕೂ ಬಂದಿದ್ದರು. 2011ರಲ್ಲಿ ‘ದಿ ಡ್ಯೂಆರಿಸ್ಟ್ಸ್’ ಎಂಬ ಟೀವಿ ಸರಣಿಯ ಮೊದಲ ಕಂತಿಗಾಗಿ ರಾಜಸ್ಥಾನದಲ್ಲಿ ವಿಶಾಲ್-ಶೇಖರ್ ಜೋಡಿಯ ಜತೆ ಕೂತು ‘ಮೈಂಡ್ಸ್ ವಿದೌಟ್ ಫಿಯರ್’ ಹಾಡು ಕಟ್ಟಿದರು. ರವೀಂದ್ರನಾಥ ಠಾಕೂರರ ‘ಗೀತಾಂಜಲಿ’ಯ ಒಂದು ಹೆಸರಾಂತ ಕವಿತೆ ಅದಕ್ಕೆ ಪ್ರೇರಣೆ. ಮುಂದೆ 2014ರ ‘ಸ್ಪಾರ್ಕ್ಸ್’ ಆಲ್ಬಂನಲ್ಲಿ ಅದೂ ಸೇರಿತು. ‘ಸ್ಪಾರ್ಕ್ಸ್’ ಹಾಡುಗಳು ಒಂದೊಂದೂ ಒಂದೊಂದು ಪ್ರಯೋಗ: ಒಂದು ಚೀನಾದ ಹ್ಯಾಂಗ್‌ಝೌ ನಗರದ್ದು, ಒಂದು ಪಾಳುಬಿದ್ದ ತೋಟದ್ದು, ಇನ್ನೊಂದು ಅಭಿಮಾನಿಗಳು ಕಳಿಸಿದ ಸದ್ದುಗಳಿಂದ ಕಟ್ಟಿದ್ದು. ಬಿಡಿಬಿಡಿಯಾಗಿ ಕೇಳಿದರೆ ಸೊಗಸು, ಒಟ್ಟಿಗೆ ಕೇಳಿದರೆ ಎಲ್ಲೆಲ್ಲಿಗೋ ಎಳೆದಾಡಿದ ಹಾಗಾಗುತ್ತದೆ. 2015ರ ‘ಟೈನಿ ಹ್ಯೂಮನ್’ ಹಾಡನ್ನು ಬ್ಲಾಕ್‌ಚೈನ್ (ಹಲವು ಕಂಪ್ಯೂಟರುಗಳು ಹಂಚಿಕೊಂಡು ಕಾಯುವ ಲೆಕ್ಕದ ಪುಸ್ತಕ) ಮೂಲಕ ಮಾರಿ, ಹಾಡಿಗೆ ದುಡಿದ ಪ್ರತಿಯೊಬ್ಬರಿಗೂ ಅವರ ಪಾಲು ತಕ್ಷಣ ಸೇರುವಂತೆ ಮಾಡಲು ಹೊರಟರು. ಉದ್ದೇಶ ನ್ಯಾಯವಾದದ್ದೇ, ಆದರೆ ದಾರಿ ಅಷ್ಟು ಸುಲಭದ್ದಲ್ಲ. ಸಂಗೀತದ ದುಡ್ಡು ಇವತ್ತಿಗೂ ಹಳೆಯ ದಾರಿಯಲ್ಲೇ ಹರಿಯುತ್ತಿದೆ.

2014ರಲ್ಲೇ ಟೇಲರ್ ಸ್ವಿಫ್ಟ್ ಜತೆ ‘ಕ್ಲೀನ್’ ಬರೆದರು. ಅದರಲ್ಲಿ ಮಳೆಹನಿಯಂತೆ ಟಣ್ ಟಣ್ ಎನ್ನುವ ವಾದ್ಯ ಕೇಳಿಸುತ್ತದಲ್ಲ, ಅದು ಆಫ್ರಿಕಾದ ಎಂಬಿರಾ. ಹೆಬ್ಬೆರಳಿನಿಂದ ಮೀಟುವ ಕಬ್ಬಿಣದ ಪಟ್ಟಿಗಳು. ನುಡಿಸಿದವರು ಹೀಪ್. ಹ್ಯಾರಿ ಪಾಟರ್ ನಾಟಕಕ್ಕೆ 2016ರಲ್ಲಿ ಸಂಗೀತ ಕೊಟ್ಟಾಗ ತಮ್ಮದೇ ಹಳೆಯ ಹಾಡುಗಳನ್ನು ಬಿಚ್ಚಿ, ಅವುಗಳ ತುಂಡುಗಳನ್ನೂ ಬಳಸಿಕೊಂಡರು. ಹಾಡುಗಳು ಅವರವೇ ಆದ್ದರಿಂದ ಯಾರ ಅಪ್ಪಣೆಯೂ ಬೇಕಾಗಲಿಲ್ಲವೇನೋ.

ಅದೇ ವರ್ಷದ್ದು ‘ದಿ ಹ್ಯಾಪಿ ಸಾಂಗ್’. ಶಿಶು ಆಹಾರದ ಒಂದು ಕಂಪನಿ, ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞರು, ಹೀಪ್ ಮೂವರೂ ಸೇರಿದರು. ನಿಮ್ಮ ಮಗು ಯಾವ ಸದ್ದಿಗೆ ನಗುತ್ತದೆ ಎಂದು ತಂದೆ ತಾಯಂದಿರನ್ನು ಕೇಳಿದರು. ಸೀನುವ ಸದ್ದು, ಪ್ರಾಣಿಗಳ ಕೂಗು ಎಂದೆಲ್ಲ ಉತ್ತರ ಬಂತು. ಹೀಪ್ ಕೆಲವು ಮಟ್ಟುಗಳನ್ನು ಮಾಡಿಕೊಟ್ಟರು. ಪ್ರಯೋಗಾಲಯದಲ್ಲಿ ಮಕ್ಕಳಿಗೆ ಅವನ್ನು ಕೇಳಿಸಿ, ಯಾವುದಕ್ಕೆ ಹೆಚ್ಚು ಕುಣಿಯುತ್ತವೆ ಎಂದು ನೋಡಿ ಆರಿಸಿದರು. ಮನೆಯಲ್ಲಿದ್ದ ಹೀಪ್ ಅವರ ಪುಟ್ಟ ಮಗಳೂ ಪರೀಕ್ಷಕಳಾಗಿದ್ದಳು. ಬಹುಮಾನ, ಪಟ್ಟಿ, ವಿಮರ್ಶೆ ಯಾವುದೂ ಗೊತ್ತಿಲ್ಲದ ಶ್ರೋತೃಗಳು. ಹಿಡಿಸದಿದ್ದರೆ ಮುಲಾಜಿಲ್ಲದೆ ಕಿರುಚುತ್ತಾರೆ.

ಕೇಳಲು ಶುರುಮಾಡುವವರಿಗೆ ನನ್ನ ಸಲಹೆ ಇಷ್ಟು. ಹತ್ತು ದಾಟಿದವರು ‘ಹೈಡ್ ಅಂಡ್ ಸೀಕ್’ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಆಮೇಲೆ ‘ಹೆಡ್‌ಲಾಕ್’ ಹಾಕಿ. ಅದೂ 2005ರ ಆಲ್ಬಂನದೇ, ಆದರೆ ಇಪ್ಪತ್ತು ವರ್ಷದ ಮೇಲೆ ಟಿಕ್‌ಟಾಕ್‌ನಲ್ಲಿ ಮತ್ತೆ ಚಿಗುರಿದ್ದರಿಂದ ನಿಮ್ಮ ಅಕ್ಕಂದಿರಿಗೆ ಆಗಲೇ ಬಾಯಿಪಾಠ. ಕೈಗವಸನ್ನು ಕೇಳಿದರೆ ಸಾಲದು, ನೋಡಬೇಕು. ‘ಮಿ ದಿ ಮೆಷಿನ್’ ಹಾಡಿನ ವಿಡಿಯೊ ಹುಡುಕಿ.

ಹಾಗೇ ಮುಂದಿನ ಸಂಚಿಕೆಗೊಂದು ಕೆಲಸ. ನಿಮ್ಮ ಮನೆಯ ಒಂದು ಸದ್ದನ್ನು ಫೋನಿನಲ್ಲಿ ಮುದ್ರಿಸಿ ಸಂಪಾದಕರಿಗೆ ಕಳಿಸಿ. ಐದು ಸೆಕೆಂಡ್ ಸಾಕು. ನಮ್ಮ ಕೂಟದಲ್ಲಿ ಗ್ಯಾರೇಜ್‌ಬ್ಯಾಂಡ್ ಎಂಬ ಸಂಗೀತದ ಆ್ಯಪ್ ಬಲ್ಲ ದೊಡ್ಡ ಹುಡುಗರು ಇದ್ದಾರೆ, ಎಲ್ಲವನ್ನೂ ಕೂಡಿಸಿ ಯುಗಾದಿಗೆ ಒಂದು ಹಾಡು ಮಾಡಲು ಒಪ್ಪಿದ್ದಾರೆ. ಕುಕ್ಕರ್ ಕೂಗು, ಒಗ್ಗರಣೆಯ ಚಟಪಟ ಈ ಎರಡು ಹೇಗೂ ಹತ್ತು ಮನೆಯಿಂದ ಬರುತ್ತವೆ. ಬೇರೆ ಏನಾದರೂ ಹುಡುಕಿ. ಅಜ್ಜನ ಗೊರಕೆಯಾದರೆ ಮೊದಲು ಅಜ್ಜನನ್ನು ಕೇಳಿ.