ಜೇಮ್ಸ್ ನೈಸ್ಮಿತ್

ಜೇಮ್ಸ್ ನೈಸ್ಮಿತ್ (6 ನವೆಂಬರ್ 1861 – 28 ನವೆಂಬರ್ 1939) ಬಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದ ದೈಹಿಕ ಶಿಕ್ಷಣ ಶಿಕ್ಷಕರು. ವೈದ್ಯರೂ ಕ್ರೈಸ್ತ ಧರ್ಮಗುರುಗಳೂ ಆಗಿದ್ದ ಇವರು ಕೆನಡಾದಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದರು. ಚಳಿಗಾಲದಲ್ಲಿ ಕಟ್ಟಡದ ಒಳಗೆ, ಯಾರಿಗೂ ಪೆಟ್ಟಾಗದಂತೆ ಆಡಬಹುದಾದ ಆಟವೊಂದು ವಿದ್ಯಾರ್ಥಿಗಳಿಗೆ ಬೇಕಾಗಿದ್ದಾಗ 1891ರಲ್ಲಿ ಈ ಆಟವನ್ನು ಸಿದ್ಧಪಡಿಸಿದರು. ಇದರ ಚೆಂಡು ಕಾಲ್ಚೆಂಡಿನಿಂದ ಇಂದಿನ ರೂಪಕ್ಕೆ ಬಂದ ಬೆಳವಣಿಗೆಗೂ ಇವರೇ ಚಾಲನೆ ನೀಡಿದರು.

ಬಾಲ್ಯ ಮತ್ತು ಶಿಕ್ಷಣ

ನೈಸ್ಮಿತ್ ಅವರು ಕೆನಡಾದ ಒಂಟಾರಿಯೊ ಪ್ರಾಂತದ ಆಲ್ಮಾಂಟ್ ಊರಿನ ಸಮೀಪ, ಸ್ಕಾಟ್ಲೆಂಡ್ ಮೂಲದ ಕುಟುಂಬದಲ್ಲಿ ಜನಿಸಿದರು. 1870ರಲ್ಲಿ ತಂದೆ ತಾಯಿ ಇಬ್ಬರೂ ವಿಷಮಶೀತಜ್ವರಕ್ಕೆ ತುತ್ತಾದರು. ಅನಾಥರಾದ ಬಾಲಕ ಸೋದರಮಾವನ ಆಶ್ರಯದಲ್ಲಿ ಬೆಳೆದರು. ನಡುವೆ ಶಾಲೆ ಬಿಟ್ಟು ಮರ ಕಡಿಯುವ ಕೆಲಸಕ್ಕೆ ಸೇರಿದ್ದ ಅವರು ಕೆಲವು ವರ್ಷಗಳ ಬಳಿಕ ಮತ್ತೆ ಶಾಲೆಗೆ ಮರಳಿ ಓದು ಪೂರೈಸಿದರು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಅದೇ ನಗರದ ಪ್ರೆಸ್ಬಿಟೇರಿಯನ್ ಕಾಲೇಜಿನಲ್ಲಿ ಧರ್ಮಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಯುವಜನರ ಚಾರಿತ್ರ್ಯವನ್ನು ಆಟದ ಮೂಲಕವೂ ರೂಪಿಸಬಹುದೆಂಬ ನಂಬಿಕೆಯಿಂದ ದೈಹಿಕ ಶಿಕ್ಷಣ ಕ್ಷೇತ್ರವನ್ನು ಆರಿಸಿಕೊಂಡು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಗೆ ಬಂದರು.

ಹೊಸ ಆಟದ ರಚನೆ

ಚಳಿಗಾಲದಲ್ಲಿ ಹೊರಗೆ ಆಡುವುದು ಅಸಾಧ್ಯವಾದ್ದರಿಂದ ಶಾಲೆಯ ವಿದ್ಯಾರ್ಥಿಗಳು ಕವಾಯತು ಮತ್ತು ಅಂಗಸಾಧನೆಗಳಿಂದ ಬೇಸತ್ತಿದ್ದರು. ವಿಭಾಗದ ಮುಖ್ಯಸ್ಥರಾಗಿದ್ದ ಲೂಥರ್ ಗುಲಿಕ್ ಅವರು ಹೊಸ ಆಟವೊಂದನ್ನು ರೂಪಿಸಲು ನೈಸ್ಮಿತ್ ಅವರಿಗೆ 14 ದಿನಗಳ ಕಾಲಾವಕಾಶ ನೀಡಿದರು. ಫುಟ್‌ಬಾಲ್, ಲಕ್ರಾಸ್ ಮೊದಲಾದ ಹೊರಾಂಗಣ ಆಟಗಳನ್ನೇ ಬದಲಾಯಿಸಿ ಒಳಾಂಗಣದಲ್ಲಿ ಆಡಿಸಿ ನೋಡಿದ ಅವರ ಮೊದಲ ಪ್ರಯೋಗಗಳು ಫಲಿಸಲಿಲ್ಲ. ಇಕ್ಕಟ್ಟಾದ ಜಾಗದಲ್ಲಿ ಆಟಗಾರರಿಗೆ ಪೆಟ್ಟಾಗುತ್ತಿತ್ತು.

ಆಗ ನೈಸ್ಮಿತ್ ಅವರು ಪ್ರಚಲಿತ ಆಟಗಳ ಗುಣದೋಷಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಚಿಕ್ಕ ಚೆಂಡಿಗೆ ಬ್ಯಾಟು ಅಥವಾ ಕೋಲಿನಂತಹ ಸಲಕರಣೆ ಬೇಕು. ದೊಡ್ಡದಾದ, ಹಗುರವಾದ ಚೆಂಡನ್ನು ಬರಿಗೈಯಲ್ಲೇ ಆಡಬಹುದು, ಮರೆಮಾಡಲೂ ಆಗದು. ಚೆಂಡನ್ನು ಹಿಡಿದು ಓಡುವುದನ್ನು ನಿಷೇಧಿಸಿದರೆ ಓಡುವವನನ್ನು ಕೆಡವುವ ಅಗತ್ಯವೂ ಉಳಿಯುವುದಿಲ್ಲ. ಗುರಿಯನ್ನು ತಲೆಗಿಂತ ಎತ್ತರದಲ್ಲಿಟ್ಟರೆ ಬಲಕ್ಕಿಂತ ನಿಖರತೆ ಮುಖ್ಯವಾಗುತ್ತದೆ. ಈ ಕೊನೆಯ ಅಂಶಕ್ಕೆ ಅವರು ಬಾಲ್ಯದಲ್ಲಿ ಆಡಿದ್ದ ಆಟವೊಂದು ಪ್ರೇರಣೆಯಾಯಿತು. ಬಂಡೆಯ ಮೇಲಿಟ್ಟ ಕಲ್ಲನ್ನು ಇನ್ನೊಂದು ಕಲ್ಲಿನಿಂದ ಉರುಳಿಸುವ ಈ ಆಟ ನಮ್ಮ ಲಗೋರಿಯನ್ನು ನೆನಪಿಸುತ್ತದೆ. ಅದರಲ್ಲಿ ರಭಸದಿಂದ ಬೀಸುವುದಕ್ಕಿಂತ ಮೇಲಕ್ಕೆ ಮೆಲ್ಲಗೆ ಎಸೆಯುವುದೇ ಹೆಚ್ಚು ಫಲಕಾರಿಯಾಗಿತ್ತು.

ಗುರಿಗಾಗಿ ಅವರು ಚೌಕಾಕಾರದ ಎರಡು ಪೆಟ್ಟಿಗೆಗಳನ್ನು ಕೇಳಿದಾಗ ಶಾಲೆಯ ಕಟ್ಟಡ ನೋಡಿಕೊಳ್ಳುತ್ತಿದ್ದ ನೌಕರನಿಂದ ದೊರೆತದ್ದು ಪೀಚ್ ಹಣ್ಣಿನ ಎರಡು ಬುಟ್ಟಿಗಳು. ಅವನ್ನು ನೆಲದಿಂದ 10 ಅಡಿ ಎತ್ತರದಲ್ಲಿ ಮೊಗಸಾಲೆಯ ಅಂಚಿಗೆ ಮೊಳೆ ಹೊಡೆದು ನಿಲ್ಲಿಸಲಾಯಿತು. 1891ರ ಡಿಸೆಂಬರ್ 21ರಂದು 18 ವಿದ್ಯಾರ್ಥಿಗಳು ತಲಾ 9 ಮಂದಿಯ ಎರಡು ತಂಡಗಳಾಗಿ ಮೊದಲ ಪಂದ್ಯವನ್ನು ಆಡಿದರು. ಪಂದ್ಯದ ಏಕೈಕ ಅಂಕವನ್ನು ವಿಲಿಯಂ ಚೇಸ್ ಗಳಿಸಿದರು. ಬುಟ್ಟಿಗಳಿಗೆ ತಳವಿದ್ದುದರಿಂದ ಒಳಗೆ ಬಿದ್ದ ಚೆಂಡನ್ನು ಏಣಿ ಹತ್ತಿ ತೆಗೆಯಬೇಕಾಗುತ್ತಿತ್ತು. ಆಟದ 13 ನಿಯಮಗಳು 1892ರ ಜನವರಿಯಲ್ಲಿ ಶಾಲೆಯ ಪತ್ರಿಕೆಯಲ್ಲಿ ಪ್ರಕಟವಾದವು. ನೈಸ್ಮಿತ್ ಅವರು ಆಟಕ್ಕೆ ಪೇಟೆಂಟ್ ಪಡೆಯಲಿಲ್ಲ.

ಚೆಂಡಿನ ಬೆಳವಣಿಗೆ

ಮೊದಲ ಪಂದ್ಯದಲ್ಲಿ ಬಳಸಿದ್ದು ಸಾಮಾನ್ಯ ಕಾಲ್ಚೆಂಡು. ಆಟ ಹಬ್ಬುತ್ತಿದ್ದಂತೆ ಕೈಯಲ್ಲಿ ಹಿಡಿದು ಎಸೆಯಲು ಅನುಕೂಲವಾದ ಪ್ರತ್ಯೇಕ ಚೆಂಡಿನ ಅಗತ್ಯ ಕಂಡುಬಂತು. ನೈಸ್ಮಿತ್ ಅವರ ಕೋರಿಕೆಯಂತೆ 1894ರಲ್ಲಿ ಸ್ಪಾಲ್ಡಿಂಗ್ ಕಂಪನಿಯು ಈ ಆಟಕ್ಕೆಂದೇ ಚೆಂಡನ್ನು ತಯಾರಿಸಿತು. ರಬ್ಬರಿನ ಬ್ಲ್ಯಾಡರ್‌ಗೆ ಚರ್ಮದ ಹೊದಿಕೆ ಹೊಲಿದು ಲೇಸಿನಿಂದ ಬಿಗಿದ ಈ ಚೆಂಡು ಕಾಲ್ಚೆಂಡಿಗಿಂತ ತುಸು ದೊಡ್ಡದಾಗಿತ್ತು. ಚೆಂಡನ್ನು ನೆಲಕ್ಕೆ ಪುಟಿಸುತ್ತ ಮುಂದೆ ಸಾಗುವ ಡ್ರಿಬಲ್ ಕ್ರಮವು ನೈಸ್ಮಿತ್ ಅವರ ಮೂಲ ಕಲ್ಪನೆಯಲ್ಲಿರಲಿಲ್ಲ. ಆಟಗಾರರೇ ಅದನ್ನು ಬಳಕೆಗೆ ತಂದರು. ಉಬ್ಬಿದ ಲೇಸು ನೆಲಕ್ಕೆ ತಾಗಿದಾಗ ಚೆಂಡು ದಿಕ್ಕುತಪ್ಪಿ ಪುಟಿಯುತ್ತಿದ್ದುದು ಆಗ ದೊಡ್ಡ ತೊಡಕಾಯಿತು. ಮುಂದೆ ಲೇಸನ್ನು ಹೊದಿಕೆಯ ಒಳಗೆ ಅಡಗಿಸಲಾಯಿತು. 1940ರ ದಶಕದಲ್ಲಿ ಅಚ್ಚಿನಲ್ಲಿ ತಯಾರಾದ, ಒಂದೇ ಸಮನಾಗಿ ಪುಟಿಯುವ ಚೆಂಡುಗಳು ಬಂದವು. ಕಂದು ಬಣ್ಣದ ಚೆಂಡು ಸ್ಪಷ್ಟವಾಗಿ ಕಾಣದೆಂದು ಬಟ್ಲರ್ ವಿಶ್ವವಿದ್ಯಾಲಯದ ತರಬೇತುದಾರ ಟೋನಿ ಹಿಂಕಲ್ ಅವರು ಕಿತ್ತಳೆ ಬಣ್ಣದ ಚೆಂಡನ್ನು ಮಾಡಿಸಿದರು. ಅದನ್ನು 1958ರಲ್ಲಿ ಲೂಯಿವಿಲ್‌ನಲ್ಲಿ ನಡೆದ ಕಾಲೇಜು ಚಾಂಪಿಯನ್‌ಷಿಪ್‌ನ ಅಂತಿಮ ಹಂತದಲ್ಲಿ ಪರೀಕ್ಷಿಸಲಾಯಿತು.

ನಂತರದ ಜೀವನ

1894ರಲ್ಲಿ ನೈಸ್ಮಿತ್ ಅವರು ಮಾಡ್ ಶೆರ್ಮನ್ ಅವರನ್ನು ವಿವಾಹವಾದರು. ಡೆನ್ವರ್ ನಗರದಲ್ಲಿ ಕೆಲಸ ಮಾಡುತ್ತಲೇ ವೈದ್ಯಕೀಯ ಪದವಿ ಗಳಿಸಿ, 1898ರಲ್ಲಿ ಕನ್ಸಾಸ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಅಲ್ಲಿ ಅವರು ತರಬೇತು ನೀಡಿದ ತಂಡ 55 ಪಂದ್ಯಗಳಲ್ಲಿ ಗೆದ್ದು 60ರಲ್ಲಿ ಸೋತಿತು. ಅವರ ದೃಷ್ಟಿಯಲ್ಲಿ ಆಟವು ಗೆಲುವಿಗಿಂತ ಶಿಕ್ಷಣದ ಸಾಧನವಾಗಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸ್‌ನಲ್ಲಿ ವೈ.ಎಂ.ಸಿ.ಎ. ಪರವಾಗಿ ಸೈನಿಕರ ನಡುವೆ ಸೇವೆ ಸಲ್ಲಿಸಿದರು. 1925ರಲ್ಲಿ ಅಮೆರಿಕದ ಪೌರತ್ವ ಪಡೆದರು.

1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬಾಸ್ಕೆಟ್‌ಬಾಲ್ ಮೊದಲ ಬಾರಿಗೆ ಪದಕದ ಸ್ಪರ್ಧೆಯಾದಾಗ ನೈಸ್ಮಿತ್ ಅವರು ಅಲ್ಲಿ ಉಪಸ್ಥಿತರಿದ್ದರು. ಒಳಾಂಗಣಕ್ಕೆಂದು ರಚಿಸಿದ ಆಟವನ್ನು ಅಲ್ಲಿ ತೆರೆದ ಮೈದಾನದಲ್ಲಿ ಆಡಿಸಲಾಯಿತು. ಅಂತಿಮ ಪಂದ್ಯದ ದಿನ ಮಳೆಯಿಂದ ಅಂಕಣ ಕೆಸರಾಗಿ ಚೆಂಡು ಪುಟಿಯದಂತಾಯಿತು. ಅವರು ನೆಲೆಸಿದ್ದ ಅಮೆರಿಕ, ಅವರು ಹುಟ್ಟಿದ ಕೆನಡಾವನ್ನು 19–8 ಅಂಕಗಳಿಂದ ಸೋಲಿಸಿತು.

ಭಾರತದಲ್ಲಿ ಮತ್ತು ಶಾಲೆಗಳಲ್ಲಿ

ಭಾರತದಲ್ಲಿಯೂ ಈ ಆಟ ಹರಡಲು ವೈ.ಎಂ.ಸಿ.ಎ. ಕಾರಣವಾಯಿತು. ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ದಕ್ಷಿಣ ಭಾರತದ ಶಾಲೆಗಳಿಗೆ ತರಬೇತಿ ಪಡೆದ ಶಿಕ್ಷಕರನ್ನು ಒದಗಿಸಿತು. ಇಂದು ಪುರುಷರು ಸುಮಾರು 75 ಸೆಂ.ಮೀ. ಸುತ್ತಳತೆಯ 7ನೇ ಅಳತೆಯ ಚೆಂಡನ್ನೂ ಮಹಿಳೆಯರು ಸುಮಾರು 72 ಸೆಂ.ಮೀ. ಸುತ್ತಳತೆಯ 6ನೇ ಅಳತೆಯ ಚೆಂಡನ್ನೂ ಬಳಸುತ್ತಾರೆ. ಮಕ್ಕಳ ಮಿನಿ ಬಾಸ್ಕೆಟ್‌ಬಾಲ್‌ಗೆ ಇನ್ನೂ ಚಿಕ್ಕದಾದ 5ನೇ ಅಳತೆಯ ಚೆಂಡಿದ್ದು, ಬುಟ್ಟಿಯ ಎತ್ತರ 3.05 ಮೀಟರ್‌ಗೆ ಬದಲಾಗಿ 2.60 ಮೀಟರ್ ಇರುತ್ತದೆ. ಸಿಮೆಂಟು ಅಥವಾ ಮಣ್ಣಿನ ಅಂಕಣವಿರುವ ಶಾಲೆಗಳಲ್ಲಿ ಚರ್ಮದ ಚೆಂಡು ಬೇಗ ಸವೆಯುವುದರಿಂದ ರಬ್ಬರಿನ ಚೆಂಡು ಹೆಚ್ಚು ಬಳಕೆಯಲ್ಲಿದೆ.

ನಿಧನ ಮತ್ತು ಗೌರವ

ನೈಸ್ಮಿತ್ ಅವರು 1939ರ ನವೆಂಬರ್ 28ರಂದು ಕನ್ಸಾಸ್‌ನ ಲಾರೆನ್ಸ್ ನಗರದಲ್ಲಿ ನಿಧನರಾದರು. ಬಾಸ್ಕೆಟ್‌ಬಾಲ್‌ನ ಹುಟ್ಟು ಬೆಳವಣಿಗೆಗಳನ್ನು ಕುರಿತು ಅವರು ಬರೆದ ಪುಸ್ತಕ 1941ರಲ್ಲಿ ಪ್ರಕಟವಾಯಿತು. ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ ಬಾಸ್ಕೆಟ್‌ಬಾಲ್ ಸ್ಮಾರಕ ಭವನಕ್ಕೆ ಅವರ ಹೆಸರನ್ನಿಡಲಾಗಿದೆ.