ನಾದಕ್ಕೆ ಒಲಿದ ಕಾರಂತರು

ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರನ್ನು ಕಾದಂಬರಿಕಾರರೆಂದೇ ತರಗತಿಯಲ್ಲಿ ಪಾಠ ಹೇಳುತ್ತ ಬಂದವನು ನಾನು. ಆದರೆ ಅಕಾಡೆಮಿಯ 1959ರ ಪುರಸ್ಕಾರ ಅವರಿಗೆ ಸಂದದ್ದು ‘ಯಕ್ಷಗಾನ ಬಯಲಾಟ’ಕ್ಕೆ. ‘ಮರಳಿ ಮಣ್ಣಿಗೆ’ಯ ರಾಮನಿಗೆ ನೊಂದಾಗ ಆಸರೆಯಾದ ಪಿಟೀಲನ್ನು ಅವರು ರಂಗಕ್ಕೂ ತಂದರು, ಸ್ಯಾಕ್ಸೊಫೋನನ್ನೂ ಸೇರಿಸಿದರು. ತಮ್ಮ ಪ್ರಯೋಗಗಳಲ್ಲಿ ಮಾತನ್ನು ಕಳೆದು, ಭಾವವನ್ನು ರಾಗಕ್ಕೂ ಕುಣಿತಕ್ಕೂ ಒಪ್ಪಿಸಿದರು. ಸಂಪ್ರದಾಯಸ್ಥರು ಮುನಿದರು, ಆ ಮುನಿಸಿನಲ್ಲಿ ನ್ಯಾಯವೂ ಇತ್ತೆನ್ನಿ, ಅರ್ಥಗಾರಿಕೆಯ ಸೊಗಸು ಬೇರೆಯೇ. ಕಾರಂತರು 1997ರಲ್ಲಿ ತೀರಿಕೊಂಡರು.

ಅವರ ನಿಲುವು ನನಗೆ ಮನವರಿಕೆಯಾದದ್ದು ತೀರ ತಡವಾಗಿ. ತಾಯಿ ಹೋದಾಗ ನಾನು ಅಳಲಿಲ್ಲ, ತಿಂಗಳುಗಟ್ಟಲೆ ನಿದ್ರಿಸಲೂ ಇಲ್ಲ. ಕುಂದಾಪುರದ ಬಳಿ ಗದ್ದೆಯಲ್ಲೊಂದು ರಾತ್ರಿ ಆಟ. ಚೆಂಡೆಯ ಪೆಟ್ಟು ಎದೆಗೂಡಿಗೇ ತಾಗಿತು. ಭಾಗವತರ ಪದದ ಅರ್ಥ ಕಿವಿಗೆ ಬೀಳುವ ಮೊದಲೇ ಕಣ್ಣು ತುಂಬಿತ್ತು. ಬೆಳಗಿನ ಜಾವ, ಚಾಪೆಯ ಮೇಲೆ ಅಲ್ಲೇ ನಿದ್ದೆಹೋದೆ.