ಒಂದು ‘ಆರ್’ ಜಾಸ್ತಿ ಆದ ಕಥೆ

ಅಮೆರಿಕದಲ್ಲಿ ಹಳೇ ಪಿಸ್ತೂಲು ಸಂಗ್ರಹಿಸೋರ ಕೈಗೆ ಅಂಗೈಯಲ್ಲಿ ಮುಚ್ಚಿಡಬಹುದಾದ ಒಂದು ಡೆರಿಂಜರ್ ಕೊಟ್ಟು ನೋಡಿ. ಬೆಲೆ ಕೇಳೋ ಮುಂಚೆ ಭೂತಗನ್ನಡಿ ಹುಡುಕ್ತಾರೆ. ನಳಿಗೆ ಮೇಲೆ, ಪಕ್ಕದ ಲಾಕ್ ಪ್ಲೇಟ್ ಮೇಲೆ ಒತ್ತಿರೋ ಹೆಸರನ್ನ ಅಕ್ಷರ ಅಕ್ಷರವಾಗಿ ಓದ್ತಾರೆ. ಯಾಕೆ ಅಂತ ತಿಳೀಬೇಕಾದ್ರೆ ಹೆನ್ರಿ ಡೆರಿಂಜರ್ ಕಥೆ ಗೊತ್ತಿರಬೇಕು.

ಈತ ಹುಟ್ಟಿದ್ದು 1786ರಲ್ಲಿ, ಪೆನ್ಸಿಲ್ವೇನಿಯಾದ ಈಸ್ಟನ್‌ನಲ್ಲಿ. ಅಪ್ಪನದೂ ಬಂದೂಕು ಮಾಡೋ ಕಸುಬೇ. ರಿಚ್ಮಂಡ್‌ನಲ್ಲಿ ಕೆಲಸ ಕಲಿತು, 1806ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದು ನೆಲೆ ನಿಂತ. ಸರ್ಕಾರಕ್ಕೆ ರೈಫಲ್ ಮಾಡಿಕೊಟ್ಟ. ಆದರೆ ಹೆಸರು ತಂದದ್ದು ಜೇಬಿನ ಪಿಸ್ತೂಲು: ಒಂದೇ ಗುಂಡು, ಸಾಮಾನ್ಯವಾಗಿ 0.41 ಇಂಚಿನ ನಳಿಗೆ, ವಾಲ್ನಟ್ ಮರದ ಹಿಡಿ. ಒಂದೇ ಗುಂಡು ಅಲ್ವಾ, ಅದಕ್ಕೇ ಹೆಚ್ಚಾಗಿ ಜೋಡಿಯಾಗಿ ಮಾರಾಟ!

ಈ ಪಿಸ್ತೂಲಿಗೆ ಆತ ಪೇಟೆಂಟ್ ಮಾಡಿಸಲಿಲ್ಲ. ಹಾಗೆ ನೋಡಿದ್ರೆ ಅದರಲ್ಲಿ ಹೊಸ ಯಂತ್ರತತ್ತ್ವವೇನೂ ಇರಲಿಲ್ಲ. ಇದ್ದದ್ದು ಕೈಕೆಲಸದ ಅಚ್ಚುಕಟ್ಟು. ಅವನ ಬಳಿ ದುಡಿದವರೇ ಹೊರಗೆ ಹೋಗಿ ಅದೇ ಪಿಸ್ತೂಲು ಮಾಡಿ ಅದೇ ಮುದ್ರೆ ಒತ್ತಿದರು. ಇನ್ನೊಬ್ಬರದು ಇನ್ನೂ ಮಜಾ: ಜಾನ್ ಡೆರಿಂಜರ್ ಅನ್ನೋ ದರ್ಜಿಯನ್ನ ಹಿಡಿದು ಅವನ ಹೆಸರು ಬಳಸಿಕೊಂಡರು. ಉಳಿದವರು ಸ್ಪೆಲಿಂಗ್‌ಗೆ ಇನ್ನೊಂದು ‘ಆರ್’ ಸೇರಿಸಿ ಕೈತೊಳೆದುಕೊಂಡರು. ಎಪ್ಪತ್ತು ದಾಟಿದ ಡೆರಿಂಜರ್ ಸುಮ್ಮನಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಕಲಿ ಮಾರ್ತಿದ್ದ ಪ್ಲೇಟ್ ಎಂಬಾತನ ಮೇಲೆ ಕೇಸ್ ಹಾಕಿದ. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಅವನ ಪರ ನಿಂತಿತು. ಅದು ಟ್ರೇಡ್‌ಮಾರ್ಕ್ ಕಾನೂನಿನ ಹೆಸರಾಂತ ಕೇಸ್.

ಅಷ್ಟರಲ್ಲಿ ಆಗಬಾರದ್ದು ಆಗಿತ್ತು. 1865ರ ಏಪ್ರಿಲ್ 14ರ ರಾತ್ರಿ ಫೋರ್ಡ್ಸ್ ಥಿಯೇಟರಿನಲ್ಲಿ ಲಿಂಕನ್ ಅವರಿಗೆ ಬೂತ್ ಗುಂಡು ಹೊಡೆದದ್ದು ಡೆರಿಂಜರ್‌ನಿಂದಲೇ. ಎರಡು ‘ಆರ್’ ಇರೋ ಹೆಸರು ಊರೆಲ್ಲ ಹಬ್ಬಿ, ಎಲ್ಲಾ ಪುಟಾಣಿ ಪಿಸ್ತೂಲಿಗೂ ಅದೇ ಹೆಸರಾಯ್ತು. ಮುದುಕ 1868ರಲ್ಲಿ ತೀರಿಕೊಂಡ.

ಬೂತ್‌ನ ಪಿಸ್ತೂಲು ಈಗಲೂ ಅದೇ ಥಿಯೇಟರಿನ ಮ್ಯೂಸಿಯಂನಲ್ಲಿದೆ. ಅಸಲಿ ಕಳುವಾಗಿದೆ, ಅಲ್ಲಿರೋದು ನಕಲಿ ಅಂತ ಪುಕಾರು ಎದ್ದಾಗ 1997ರಲ್ಲಿ ಎಫ್‌ಬಿಐ ಲ್ಯಾಬು ಪರೀಕ್ಷೆ ಮಾಡ್ತು. ಅವರು ನೋಡಿದ್ದು ಬರೀ ಮುದ್ರೆ ಅಲ್ಲ (ಮುದ್ರೆ ಯಾರು ಬೇಕಾದ್ರೂ ಒತ್ತಬಹುದಲ್ಲ). ಮರದ ಎಳೆ, ಹಿಡಿಯಲ್ಲಿದ್ದ ಬಿರುಕು, ಲೋಹದ ಮೇಲಿನ ಗುಳಿಗಳನ್ನ ಹಳೇ ಫೋಟೋಗಳ ಜೊತೆ ತಾಳೆ ಹಾಕಿದರು. ಎಲ್ಲಾ ಹೊಂದಿಕೊಂಡವು. ತಳತಳ ಪಾಲಿಶ್ ಹೊಡೆದ ಹಳೇ ಪಿಸ್ತೂಲು ಕಂಡ್ರೆ ಅನುಭವಸ್ಥರು ಹಿಂದೆ ಸರಿಯೋದು ಇದಕ್ಕೇ: ಗುರುತು ಹಿಡಿಯೋ ಗುಳಿಗಳೇ ಅಲ್ಲಿ ಉಳಿದಿರಲ್ಲ.